ಮೇಜರಬಾಯಿ ಮೇಲಿನ ಹೊಟ್ಟೆಕಿಚ್ಚು

ಏಳು ವರ್ಷ ನಾನು ಒಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅವಳಿಗೆ ಆಗ ಅರವತ್ತನಾಲ್ಕು ವರ್ಷ, ನನಗೆ ಐವತ್ತೊಂದು. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು, ಮುಂದಿನ ಎರಡು ಹಲ್ಲು ಕಟ್ಟಿಸಿಕೊಂಡವು, ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಚೆಲುವಿಗಾಗಿ ಪಟ್ಟ ಹೊಟ್ಟೆಕಿಚ್ಚಾಗಿದ್ದರೆ ಯಾರಿಗಾದರೂ ಹೇಳಿಕೊಂಡು ನಕ್ಕುಬಿಡಬಹುದಿತ್ತು. ನನ್ನದು ಬೇರೆ. ನನ್ನ ಗಂಡ ನನಗೆ ಹೇಳದ ಮಾತನ್ನು ಅವಳಿಗೆ ಹೇಳುತ್ತಿದ್ದರು. ನಾನು ಹತ್ತು ಮಾರು ದೂರದಲ್ಲಿ ಕೂತು ಅದನ್ನು ಕಣ್ಣಾರೆ ನೋಡುತ್ತಿದ್ದೆ. ಒಂದು ಅಕ್ಷರವೂ ಕೇಳುತ್ತಿರಲಿಲ್ಲ.

ನಮ್ಮ ಊರಲ್ಲಿ ದೇಸಾಯರ ವಾಡೆ ಇದೆ. ಮುನ್ನೂರು ವರ್ಷದ ಮನೆ. ಮಣ್ಣಿನ ಗೋಡೆ ಎತ್ತಿನ ಗಾಡಿಯಷ್ಟು ದಪ್ಪ, ಮುಂಬಾಗಿಲು ಆನೆ ಹಾಯುವಷ್ಟು ದೊಡ್ಡದು. ಅಂಗಳ ದಾಟಿದರೆ ದರ್ಬಾರ್ ಪಡಸಾಲೆ. ಆ ಪಡಸಾಲೆಯಲ್ಲಿ ಆಡಿದ ಮಾತು ಹೊಸ್ತಿಲು ದಾಟುವುದಿಲ್ಲ. ಬಾಗಿಲು ತೆರೆದೇ ಇರಲಿ, ಒಳಗೆ ಹತ್ತು ಜನ ಕೂಗಾಡಲಿ, ಅಂಗಳದಲ್ಲಿ ನಿಂತವರಿಗೆ ಏನೂ ಕೇಳಿಸದು. ಒಳಗಿದ್ದವರು ಹೊರಗೆ ಕಾಲಿಟ್ಟ ಕೂಡಲೇ ಆಡಿದ್ದೂ ಕೇಳಿದ್ದೂ ಅವರ ತಲೆಯಿಂದ ಜಾರಿಹೋಗುತ್ತದೆ. ಅಲ್ಲಿ ಕೂತಿದ್ದು ನೆನಪಿರುತ್ತದೆ, ಎಲೆ ಅಡಿಕೆ ಹಾಕಿಕೊಂಡದ್ದು ನೆನಪಿರುತ್ತದೆ. ಯಾರು ಮಾತಾಡಿದರು, ಏನು ಮಾತಾಡಿದರು, ಅದು ಮಾತ್ರ ಇಲ್ಲ. ಹಿಂದಿನ ದೇಸಾಯರು ಅಲ್ಲಿ ಕೂತು ನ್ಯಾಯ ಹೇಳುತ್ತಿದ್ದರಂತೆ. ಅವರು ಕೊಟ್ಟ ಒಂದು ತೀರ್ಪೂ ಜಾರಿಯಾಗಲಿಲ್ಲ. ಜಗಳಕ್ಕೆ ಬಂದ ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಮನೆಗೆ ಹೋಗುತ್ತಿದ್ದರು. ಆಮೇಲಿನವರು ಬೇಸತ್ತು ಅಲ್ಲಿ ಒಣಮೆಣಸಿನಕಾಯಿ ಚೀಲ ತುಂಬಿಟ್ಟರು.

ಈಗ ವಾಡೆಯ ಹಿರಿಯರು ಅಕ್ಕಾಸಾಹೇಬರು. ಅವರ ಅಣ್ಣ ಯುದ್ಧದಿಂದ ಬಂದ ಮೇಲೆ ಮೂರು ವರ್ಷ ತುಟಿ ಬಿಚ್ಚಿರಲಿಲ್ಲವಂತೆ. ಒಂದು ಮಧ್ಯಾಹ್ನ ತಂಗಿಯ ಜೊತೆ ಮೆಣಸಿನಕಾಯಿ ಚೀಲ ತರಲು ಪಡಸಾಲೆಗೆ ಹೋದವರು ಅಲ್ಲೇ ಕೂತುಬಿಟ್ಟರು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸರು ಅವರ ತುಟಿ ಅಲ್ಲಾಡುವುದನ್ನು ನೋಡಿ ಮೊರ ಕೆಳಗಿಟ್ಟು ಎದ್ದು ನಿಂತರು. ಸಂಜೆ ಹೊರಗೆ ಬಂದು ಅವರು ಊಟ ಕೇಳಿದರು. ಆ ವಾರವೇ ಮೆಣಸಿನಕಾಯಿ ಚೀಲಗಳು ಹೊರಗೆ ಬಂದವು. ಅಂದಿನಿಂದ ಪ್ರತಿ ವರ್ಷ ದಸರೆಗೆ ಬನ್ನಿ ಮುಡಿದ ಮಾರನೆಯ ದಿನ ಊರಿನ ಮಾಜಿ ಸೈನಿಕರಿಗೆ ವಾಡೆಯಲ್ಲಿ ಸನ್ಮಾನ. ಅಕ್ಕಾಸಾಹೇಬರು ಮುಂಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಾಲಿಗೂ ತಾವೇ ನೀರು ಹಾಕುತ್ತಾರೆ, ತಲೆಗೆ ಕೆಂಪು ರುಮಾಲು ಸುತ್ತುತ್ತಾರೆ, ಹೋಳಿಗೆ ಊಟ ಬಡಿಸುತ್ತಾರೆ. ಆಮೇಲೆ ಪಡಸಾಲೆಯ ಬೀಗ ತೆಗೆಯುತ್ತಾರೆ. ದೀಪ ಹಚ್ಚುವವರೆಗೆ ಅದು ಸೈನಿಕರದು. ಉಳಿದ ದಿನ ಬೀಗ. ಯುನಿಫಾರ್ಮ್ ತೊಟ್ಟವರಿಗೆ ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ.

ನಾವು ಹೆಂಡಂದಿರು ಅಂಗಳದ ಬೇವಿನ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದೆವು. ಕೈ ಸೂಜಿಯಲ್ಲಿ, ಕಣ್ಣು ಬಾಗಿಲಲ್ಲಿ. ಒಬ್ಬಿಬ್ಬರು ಗಂಡಂದಿರ ತುಟಿ ನೋಡಿ ಮಾತು ಹಿಡಿಯಲು ಹೆಣಗುತ್ತಿದ್ದರು. ಒಳಗೆ ಅವರು ಆಡುವುದು ಫೌಜಿನ ಹಿಂದಿ. ನಮಗೆ ದಕ್ಕುತ್ತಿದ್ದದ್ದು ‘ಸಾಬ್’, ‘ಪಾನಿ’ ಅಷ್ಟೇ.

ನಮ್ಮ ಮನೆಯವರು ಹವಾಲ್ದಾರ ಅಡಿವೆಪ್ಪ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಬಂದವರು. ಕುಡಿಯಲಿಲ್ಲ, ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಮಾತನ್ನೂ ಆಡಲಿಲ್ಲ. ‘ಹೂಂ’, ‘ಸಾಕು’, ‘ನೀರು’ ಇಷ್ಟರಲ್ಲಿ ನಮ್ಮ ಸಂಸಾರ ನಡೆದಿತ್ತು. ಹತ್ತಿಯ ಹಂಗಾಮಿನಲ್ಲಿ ಜಿನ್ನಿಂಗ್ ಫ್ಯಾಕ್ಟರಿ ಶುರುವಾಗಿ ಬೀದಿಯ ತುಂಬ ಅರಳೆಯ ಎಳೆ ಹಾರಾಡಿದರೆ, ಅವರು ಮೂಗಿಗೆ ಟವೆಲ್ ಕಟ್ಟಿಕೊಂಡು ಎರಡು ಮೈಲಿ ಸುತ್ತು ಹಾಕಿ ಮನೆಗೆ ಬರುತ್ತಿದ್ದರು. ಯಾಕೆ ಎಂದರೆ ‘ಹಂಗ’ ಎನ್ನುತ್ತಿದ್ದರು. ವಾಡೆಯಲ್ಲೂ ಅಷ್ಟೇ, ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ನನಗೆ ಅದರಿಂದ ಒಂದು ರೀತಿಯ ಸಮಾಧಾನವಿತ್ತು. ಗಂಡ ಕಲ್ಲಾಗಿದ್ದರೆ ಬಾಳಬಹುದು, ಎಲ್ಲರಿಗೂ ಕಲ್ಲಾಗಿದ್ದರೆ.

ಆಮೇಲೆ ಎಸ್ತೇರ್‌ಬಾಯಿ ಬಂದಳು. ಮಿಲಿಟರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು, ಮೇಜರ್ ಆಗಿ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ತೀರಿಹೋದ ಅಣ್ಣನ ಮನೆ ಚರ್ಚಿನ ಪಕ್ಕದ ಇಗರ್ಜಿಯ ಓಣಿಯಲ್ಲಿ ಖಾಲಿ ಇತ್ತು, ಅಲ್ಲಿ ಬಂದು ನೆಲೆಸಿದಳು. ಊರು ಅವಳನ್ನು ಮೇಜರಬಾಯಿ ಎಂದು ಕರೆಯಿತು. ಆ ವರ್ಷ ಬನ್ನಿಯ ಮಾರನೆಯ ದಿನ ವಾಡೆಯಿಂದ ಅವಳಿಗೂ ಕರೆ ಹೋಯಿತು. ಮುಂಬಾಗಿಲಲ್ಲಿ ಅಕ್ಕಾಸಾಹೇಬರು ಅವಳ ಕಾಲಿಗೆ ನೀರು ಹಾಕಿದರು. ಆಮೇಲೆ ಒಂದು ಗಳಿಗೆ ತಡೆದರು. ಹೆಂಗಸಿಗೆ ರುಮಾಲು ಸುತ್ತುವುದೋ, ಉಡಿ ತುಂಬುವುದೋ? ನಾವೆಲ್ಲ ಸೂಜಿ ನಿಲ್ಲಿಸಿ ನೋಡಿದೆವು. ಅಕ್ಕಾಸಾಹೇಬರು ರುಮಾಲನ್ನೇ ಎತ್ತಿ ಅವಳ ಬಿಳಿ ತಲೆಗೆ ಸುತ್ತಿದರು. ಕಟ್ಟೆಯ ಮೇಲೆ ನಮ್ಮಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ನಗುತ್ತಲೇ ನನ್ನ ತಲೆ ಮುಟ್ಟಿ ನೋಡಿಕೊಂಡೆ. ಇಪ್ಪತ್ತೆರಡು ವರ್ಷ ಆ ಮನುಷ್ಯನ ಹಾದಿ ಕಾದ ತಲೆ ಅದು. ಅದಕ್ಕೆ ಯಾರೂ ಏನೂ ಸುತ್ತಿರಲಿಲ್ಲ.

ಅವಳು ಒಳಗೆ ಹೋಗಿ ನಮ್ಮ ಮನೆಯವರು ಕೂತಿದ್ದ ಮೂಲೆಯಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ಅವರು ಅವಳ ಕಡೆ ತಿರುಗಿದರು. ಬಾಯಿ ತೆರೆದರು. ಆಮೇಲೆ ಮುಚ್ಚಲೇ ಇಲ್ಲ. ಕೈ ಎತ್ತಿ ಯಾವುದೋ ಗುಡ್ಡದ ಎತ್ತರ ತೋರಿಸಿದರು, ಎರಡೂ ಅಂಗೈ ಜೋಡಿಸಿ ಏನೋ ಅಗೆದು ತೆಗೆದ ಹಾಗೆ ಮಾಡಿದರು, ಒಮ್ಮೆ ನಕ್ಕರು. ನಾನು ಅವರ ಹಲ್ಲು ನೋಡಿ ಎಷ್ಟು ವರ್ಷವಾಗಿತ್ತು! ಕೊನೆಗೆ ತಲೆ ಬಗ್ಗಿಸಿ ಅತ್ತರು. ಅವಳು ಅವರ ತಲೆಯ ಮೇಲೆ ಕೈ ಇಟ್ಟಳು. ನನ್ನ ಸೂಜಿ ಬೆರಳಿಗೆ ನೆಟ್ಟದ್ದು ನನಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಮಲ್ಲವ್ವ, ಸುಬೇದಾರ ರುದ್ರಗೌಡರ ಹೆಂಡತಿ, “ಏ ಬಾಳವ್ವ, ಕೌದಿಗೆ ರಕ್ತ ಹತ್ತಾಕತೈತಿ ನೋಡ” ಎಂದಾಗ ನೋಡಿಕೊಂಡೆ.

ಆ ದಿನ ಮನೆಗೆ ಬಂದು ಅವರು ಒಂದು ರೊಟ್ಟಿ ಹೆಚ್ಚು ತಿಂದರು. “ಏನ ಹೇಳಿದ್ರಿ ಆಕಿಗೆ?” ಎಂದೆ. “ನೆನಪಿಲ್ಲ” ಎಂದರು. ಸುಳ್ಳಲ್ಲ ಎಂದು ಗೊತ್ತಿದ್ದೂ ನನಗೆ ಮೈ ಉರಿಯಿತು.

ಮುಂದಿನ ಐದು ವರ್ಷ ಹಾಗೆಯೇ ನಡೆಯಿತು. ವರ್ಷಕ್ಕೊಂದು ದಿನ ನನ್ನ ಗಂಡ ಅವಳ ಮುಂದೆ ಮನುಷ್ಯರಾಗುತ್ತಿದ್ದರು, ಎಂಟು ದಿನ ಹಗುರಾಗಿರುತ್ತಿದ್ದರು, ಆ ಹಗುರು ಅವಳು ಕೊಟ್ಟ ಭಿಕ್ಷೆಯಂತೆ ನನ್ನ ಮನೆಯಲ್ಲಿ ಓಡಾಡುತ್ತಿತ್ತು. ನಾನು ಸಣ್ಣಸಣ್ಣ ಕೆಲಸ ಮಾಡಿದೆ. ಅವಳು ನಳದ ಹತ್ತಿರ ಬಂದರೆ ಕೊಡ ಇನ್ನೊಂದು ಸಲ ತೊಳೆಯುತ್ತ ಪಾಳಿ ಬಿಡುತ್ತಿರಲಿಲ್ಲ. ಅವಳು ಕ್ರಿಸ್ಮಸ್ಸಿಗೆ ಕಳಿಸಿದ ಕರ್ಚಿಕಾಯಿಯನ್ನು ಎಮ್ಮೆಗೆ ಹಾಕಿದೆ. ಒಂದು ಸಲ ನನ್ನ ಕನ್ನಡಿಯಲ್ಲಿ ಅವಳ ಹಾಗೆ ಕೂದಲು ಹಿಂದಕ್ಕೆ ಎಳೆದು ಕಟ್ಟಿ ನೋಡಿಕೊಂಡೆ, ನಾಚಿಕೆಯಾಗಿ ಬಿಚ್ಚಿದೆ.

ಏಳನೆಯ ವರ್ಷ, ದಸರೆಗೆ ಒಂದು ತಿಂಗಳು ಮುಂಚೆ, ಇಗರ್ಜಿಯ ಓಣಿಯಲ್ಲಿ ಹಾಯುತ್ತಿದ್ದೆ. ಅವಳ ಮನೆಯ ಬಾಗಿಲ ಚಿಲಕ ಕಿತ್ತಿತ್ತು. ನಮ್ಮ ಮನೆಯವರು ಅದನ್ನು ಕೂಡಿಸಿ, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅವಳೂ ಕುಡಿಯುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಸುಟ್ಟಿತು. ನನ್ನ ಜೊತೆ ಅವರು ಸುಮ್ಮನಿರುತ್ತಿದ್ದುದಕ್ಕೂ ಇದಕ್ಕೂ ವ್ಯತ್ಯಾಸವಿತ್ತು.

ಮರುದಿನ ನಳದ ಹತ್ತಿರ ಹೇಳಿಬಿಟ್ಟೆ. “ಮಿಲಿಟರಿ ದವಾಖಾನ್ಯಾಗ ರಾತ್ರಿ ಡ್ಯೂಟಿ ಮಾಡಿದಾಕಿ. ಗಂಡಸರ ಕೈ ಹಿಡಿಯೂದು ಆಕಿಗೇನ ಹೊಸಾದೇನ?” ಅಷ್ಟೇ ಹೇಳಿದ್ದು. ಸಂಜೆಯ ಹೊತ್ತಿಗೆ ಆ ಮಾತು ಪೇಟೆಗೆ ಹೋಗಿ ಕೈಕಾಲು ಬೆಳೆಸಿಕೊಂಡು ಬಂತು. ಮೇಜರಬಾಯಿ ಮಿಲಿಟರಿಯಲ್ಲಿದ್ದಾಗ ಯಾವನ ಜೊತೆಗೋ ಇದ್ದಳಂತೆ, ಕೆಲಸದಿಂದ ತೆಗೆದುಹಾಕಿದ್ದರಂತೆ ಎಂದು ನನಗೇ ಬಂದು ಹೇಳಿದರು. ನಾನು “ಹೌದೇನ?” ಎಂದೆ. ಆ ವಾರದಿಂದ ಅವಳು ನಳಕ್ಕೆ ಬರಲಿಲ್ಲ. ಸಂತೆಗೂ ಬರಲಿಲ್ಲ.

ಬನ್ನಿಯ ಮಾರನೆಯ ದಿನ ವಾಡೆಗೂ ಬರಲಿಲ್ಲ. ಅಕ್ಕಾಸಾಹೇಬರು ರುಮಾಲು ಹಿಡಿದು ಮುಂಬಾಗಿಲಲ್ಲಿ ಬಹಳ ಹೊತ್ತು ನಿಂತರು. ನಮ್ಮ ಮನೆಯವರು ಒಳಗೆ ಹೋಗಿ ತಮ್ಮ ಮೂಲೆಯಲ್ಲಿ ಕೂತರು. ದೀಪ ಹಚ್ಚುವವರೆಗೆ ಅವರ ತುಟಿ ಅಲುಗಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ.

ಎರಡನೆಯ ವಾರದಲ್ಲಿ ಮಲ್ಲವ್ವ ಓಡಿ ಬಂದಳು. “ನಿಮ್ಮ ಮನ್ಯಾವ್ರು ಜಿನ್ನಿಂಗ್ ಫ್ಯಾಕ್ಟರಿ ಮುಂದ ನಿಂತಾರ. ಮುಂಜಾನಿಂದ ನಿಂತಾರಂತ. ಕರದ್ರ ಬರವಲ್ರು.” ಹೋಗಿ ನೋಡಿದೆ. ಅರಳೆ ಹಾರಾಡುತ್ತಿತ್ತು. ಯಾವ ಬೀದಿಯನ್ನು ತಪ್ಪಿಸಿ ಎರಡು ಮೈಲಿ ಸುತ್ತುತ್ತಿದ್ದರೋ ಆ ಬೀದಿಯ ನಟ್ಟನಡುವೆ ಅವರು ನೆಟ್ಟಗೆ ನಿಂತಿದ್ದರು. ಕೂದಲು, ಮೀಸೆ, ಹುಬ್ಬು ಎಲ್ಲ ಹಿಮ ಬಿದ್ದ ಹಾಗೆ ಬೆಳ್ಳಗೆ. ಒರೆಸಿಕೊಳ್ಳುತ್ತಿರಲಿಲ್ಲ. ನಾನು ಕೈ ಹಿಡಿದು ಎಳೆದರೆ ಬಂದರು, ಮರುದಿನ ಮತ್ತೆ ಹೋಗಿ ನಿಂತರು. ಮನೆಯಲ್ಲಿ ಎರಡು ತುತ್ತಿಗೆ ಏಳುತ್ತಿದ್ದರು. ಅವರ ಮೈಮೇಲಿನ ಅರಳೆಯನ್ನು ನಾನು ಒಂದೊಂದೇ ಎಳೆ ಬಿಡಿಸುತ್ತ ಕೂತಿರುವಾಗ ನನಗೆ ಮರುಕಕ್ಕಿಂತ ಮುಂಚೆ ಬಂದದ್ದು ಮತ್ತದೇ ಉರಿ. ಅವಳು ಇದ್ದಾಗಲೂ ಗೆದ್ದಳು, ಇಲ್ಲದಾಗಲೂ ಗೆದ್ದಳು. ನಾನು ಇಪ್ಪತ್ನಾಲ್ಕು ತಾಸು ಪಕ್ಕದಲ್ಲಿದ್ದು ಮಾಡಲಾಗದ್ದನ್ನು ಅವಳು ಒಂದು ದಿನ ಬಾರದೆ ಮಾಡಿದ್ದಳು.

ಆ ಉರಿಯಲ್ಲೇ ಅವಳ ಮನೆಗೆ ಹೋದೆ. ಅವಳು ಚಿಲಕ ತೆಗೆದು, “ಬಾ ಬಾಳವ್ವ. ಚಾ ಮಾಡ್ಲಿ?” ಎಂದಳು.

“ಚಾ ಕುಡಿಯಾಕ ಬಂದಿಲ್ಲ. ನಮ್ಮ ಮನ್ಯಾವ್ರಿಗೆ ಏನ ಮಾಡೀರಿ ಹೇಳ್ರಿ.”

“ನೀ ನಳದ ಹತ್ರ ಹೇಳಿದಂಗ ಏನೂ ಮಾಡಿಲ್ಲವಾ.”

ನನ್ನ ಮುಖ ಬಿಸಿಯಾಯಿತು. ಆದರೂ ಬಿಡಲಿಲ್ಲ. “ಅವ್ರು ನಿಮಗ ಏನ ಹೇಳ್ತಾರ?”

“ನೆನಪಿಲ್ಲ. ಹೊರಗ ಬಂದಾಗ ನನ್ನ ಸೆರಗು ತೊಯ್ದಿರತೈತಿ, ಅಷ್ಟ ಗೊತ್ತು. ಅದು ಅವರ ಕಣ್ಣೀರೋ ನಂದೋ, ಅದೂ ಗೊತ್ತಿಲ್ಲ.”

“ಮತ್ತ ನನಗ ಯಾಕ ಹೇಳೂದಿಲ್ಲ? ಹೆಂಡ್ತಿ ನಾನು.”

“ಅದಕ್ಕ ಹೇಳೂದಿಲ್ಲ” ಎಂದಳು. “ನಿನಗ ಹೇಳಿದ್ರ ಅದು ನಿನ್ನ ತಲ್ಯಾಗ ಉಳೀತೈತಿ. ಮರುದಿನ ರೊಟ್ಟಿ ಬಡಿಯುವಾಗ ನೀ ಅವರನ್ನ ನೋಡ್ತಿ. ಆ ನೋಟಕ್ಕ ಅಂಜತಾರ. ನಾ ಹೊಸ್ತಿಲು ದಾಟಿದ್ರ ಮರತಬಿಡ್ತೀನಿ. ಅದಕ್ಕ ನನಗ ಹೇಳ್ತಾರ. ನಾ ಏನ ದೊಡ್ಡಾಕಿ ಅಂತಲ್ಲ.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. “ಹಂಗಾದ್ರ ನಾನೂ ಒಳಗ ಬರ್ತೀನಿ. ನಾನೂ ಮರೀತೀನಿ” ಎಂದೆ. ಅವಳು ನಗಲಿಲ್ಲ. “ಅಕ್ಕಾಸಾಹೇಬರನ್ನ ಕೇಳು” ಎಂದಳು.

ಅಕ್ಕಾಸಾಹೇಬರು ಆಗಲೇ ಎಂಬತ್ತು ದಾಟಿದವರು. ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ನನ್ನ ಮಾತು ಕೇಳಿ, “ಪಡಸಾಲಿ ಯುನಿಫಾರ್ಮ್ ಹಾಕಿದವರಿಗಷ್ಟ ಬಾಳವ್ವ” ಎಂದರು.

“ನಿಮ್ಮ ಅಣ್ಣಾರ ಜೋಡಿ ಮೊದಲನೇ ದಿನ ನೀವು ಕೂತಿದ್ರಿ ಅಕ್ಕಾಸಾಬ್ರ. ನೀವ್ಯಾವ ಯುನಿಫಾರ್ಮ್ ಹಾಕಿದ್ರಿ?”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಸಿಟ್ಟಾಗಲಿಲ್ಲ. ಪಡಸಾಲೆಯ ಬೀಗದ ಕಡೆ ನೋಡುತ್ತ, “ಕೂತಿದ್ದೆ. ಏನ ಕೇಳಿದೆ ಅಂತ ಇವತ್ತಿನ ತನಕ ಗೊತ್ತಿಲ್ಲ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಮೇಜರಬಾಯಿನ್ನ ಓಡಿಸಿದ ನಾಲಿಗಿ ನಿಂದು. ಅದ ನಾಲಿಗೀಲೆ ಕರಕೊಂಡ ಬಾ. ನಳದ ಹತ್ರ ಹಾಕಿದ್ದನ್ನ ನಳದ ಹತ್ರನ ತೆಗೀಬೇಕು. ಆಮ್ಯಾಲ ನೋಡೂಣು.”

ನಾಲ್ಕು ದಿನ ಹಿಡಿಯಿತು, ಯಾಕೆಂದರೆ ನಮ್ಮ ನಳಕ್ಕೆ ಒಂದೊಂದು ದಿನ ಎರಡೆರಡು ಓಣಿಯ ಪಾಳಿ. ನಾಲ್ಕೂ ದಿನ ಖಾಲಿ ಕೊಡ ಹಿಡಿದು ಹೋಗಿ ನಿಂತು ಹೇಳಿದೆ. “ಮೇಜರಬಾಯಿ ಬಗ್ಗೆ ನಾ ಆಡಿದ್ದು ಸುಳ್ಳು. ಹೊಟ್ಟಿಕಿಚ್ಚಿಗೆ ಆಡಿದೆ.” ಮೊದಲ ದಿನ ಕೊಡ ನೋಡುತ್ತ ಹೇಳಿದೆ. ಎರಡನೆಯ ದಿನ ಒಬ್ಬಳು “ಈ ವಯಸ್ಸಿನ್ಯಾಗ ಹೊಟ್ಟಿಕಿಚ್ಚೇನ?” ಎಂದು ನಕ್ಕಳು. ಮೂರನೆಯ ದಿನ ಯಾರೂ ನಗಲಿಲ್ಲ, ಅದು ಹೆಚ್ಚು ಕಷ್ಟವಾಯಿತು. ಇಗರ್ಜಿಯ ಓಣಿಯವರು ಹಲವರು ನನ್ನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟರು. ಅವರದು ತಪ್ಪೆನ್ನಲಾರೆ.

ಕೊನೆಯ ದಿನ ಮೇಜರಬಾಯಿಯ ಬಾಗಿಲಿಗೆ ಹೋಗಿ, ಕಾಲು ಮುಟ್ಟಲು ಬಗ್ಗಿದೆ. ಅವರು ನನ್ನ ರಟ್ಟೆ ಹಿಡಿದು ಎತ್ತಿದರು. “ಕಟ್ಟಿ ಮ್ಯಾಲ ಕೂತು ನೀ ನನ್ನ ನೋಡೂದು ನನಗ ಕಾಣ್ತಿತ್ತು. ಖರೇ ಹೇಳ್ಲಿ? ನನಗೂ ನಿನ್ನ ಮ್ಯಾಲ ಹೊಟ್ಟಿಕಿಚ್ಚಿತ್ತು.”

“ನನ್ನ ಮ್ಯಾಲ?”

“ದೀಪಾ ಹಚ್ಚಿದ ಮ್ಯಾಲ ಎಲ್ಲಾರೂ ಅವರವರ ಹೆಂಡ್ರ ಜೋಡಿ ಮನೀಗೆ ಹೋಗ್ತಿದ್ರು. ನಾ ರುಮಾಲು ಬಿಚ್ಚಿ ಕಂಕುಳಾಗ ಇಟಗೊಂಡು ಒಬ್ಬಾಕೀನ ಹೋಗ್ತಿದ್ದೆ. ನೀ ಒಂದಿನ ತಿರುಗಿ ನೋಡಿ, ಬರ್ರಿ ಅಂತ ಕರದಿದ್ರ…” ಅಷ್ಟಕ್ಕೆ ನಿಲ್ಲಿಸಿ ಅವರು ಚಹಾಕ್ಕೆ ನೀರಿಟ್ಟರು. ಆ ದಿನ ಕುಡಿದೆ.

ಮೇಜರಬಾಯಿ ವಾರಕ್ಕೆರಡು ಸಲ ನಮ್ಮ ಮನೆಗೆ ಬಂದು ಕೂಡತೊಡಗಿದ ಮೇಲೆ ನಮ್ಮ ಮನೆಯವರು ಫ್ಯಾಕ್ಟರಿಯ ಮುಂದೆ ಹೋಗಿ ನಿಲ್ಲುವುದು ಬಿಟ್ಟರು. ಹಾಗೆ ಒಂದು ವರ್ಷ ಕಳೆಯಿತು.

ಬನ್ನಿಯ ಮಾರನೆಯ ದಿನ ಅಕ್ಕಾಸಾಹೇಬರು ಮೇಜರಬಾಯಿ ಸೇರಿ ಹನ್ನೊಂದು ಜನಕ್ಕೂ ಕಾಲಿಗೆ ನೀರು ಹಾಕಿ ರುಮಾಲು ಸುತ್ತಿದರು. ಊಟವಾಯಿತು. ಬೀಗ ತೆಗೆದರು. ನಾನು ಮೇಜರಬಾಯಿಯ ಹಿಂದೆ ಹೊಸ್ತಿಲ ಹತ್ತಿರ ನಿಂತೆ. ಸುಬೇದಾರ ರುದ್ರಗೌಡರು ಕೈ ಅಡ್ಡ ಹಿಡಿದರು. “ಇದು ಫೌಜಿನವರ ಜಾಗಾ. ಹೆಣ್ಣಮಕ್ಕಳು ಕಟ್ಟಿ ಮ್ಯಾಲ ಕೂಡ್ರಿ.”

“ನಾನೂ ಹೆಣ್ಣಮಗಳ ಅದೀನಿ ಸುಬೇದಾರ್” ಎಂದರು ಮೇಜರಬಾಯಿ. “ನಮ್ಮ ದವಾಖಾನ್ಯಾಗ ಒಬ್ಬ ಪೇಶಂಟಿನ ಜೋಡಿ ಮನಿಯವರು ಒಬ್ಬರನ್ನ ಬಿಡ್ತಿದ್ವಿ. ಕರ್ನಲ್ ಬಂದ್ರೂ ಎಬ್ಬಸ್ತಿರಲಿಲ್ಲ.”

ರುದ್ರಗೌಡರು ಅಕ್ಕಾಸಾಹೇಬರ ಮುಖ ನೋಡಿದರು. ಅಕ್ಕಾಸಾಹೇಬರು ನಮ್ಮ ಮನೆಯವರ ಮುಖ ನೋಡಿದರು. ನಮ್ಮ ಮನೆಯವರು ನನ್ನನ್ನು ನೋಡಲಿಲ್ಲ; ನೆಲ ನೋಡುತ್ತ, “ಬರ್ಲಿ” ಎಂದರು.

ಒಳಗೆ ಹೋದದ್ದು ನೆನಪಿದೆ. ನೆಲ ತಣ್ಣಗಿತ್ತು. ಗೋಡೆಯಲ್ಲಿ ಇನ್ನೂ ಮೆಣಸಿನಕಾಯಿಯ ಘಾಟು. ನಾನು ಅವರಿಬ್ಬರ ನಡುವೆ ಕೂತೆ. ಇವತ್ತು ಇವರ ಮಾತು ಕೇಳುತ್ತೇನೆ, ಒಂದು ಸಲವಾದರೂ ನನ್ನ ಕಿವಿಯಿಂದ ಕೇಳುತ್ತೇನೆ, ಆಮೇಲೆ ಮರೆತರೆ ಮರೆಯಲಿ ಎಂದುಕೊಂಡದ್ದು ನೆನಪಿದೆ. ಆಮೇಲೆ ದೀಪ ಹಚ್ಚಿದ್ದು, ಹೊಸ್ತಿಲು ದಾಟಿದ್ದು. ನಡುವೆ ಏನೂ ಇಲ್ಲ.

ಅಂಗಳದಲ್ಲಿ ಹೆಂಗಸರೆಲ್ಲ ಎದ್ದು ನಿಂತಿದ್ದರು. ನಾನು ಮಲ್ಲವ್ವನಿಗೆ ಏನೋ ಹೇಳಹೋದರೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಪೂರ್ತಿ ಬಿದ್ದುಹೋಗಿತ್ತು. ಮಲ್ಲವ್ವ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ಒದ್ದೆಯಾಗಿದ್ದವು.

“ನಿಮ್ಮ ಮನ್ಯಾವ್ರು ಇವತ್ತ ಬಾಯೇ ತೆಗೀಲಿಲ್ಲ ಬಾಳವ್ವ. ನೀನ ಮಾತಾಡಿದಿ. ಮಧ್ಯಾಹ್ನದಿಂದ ನೀ ಒಬ್ಬಾಕೀನ. ಹನ್ನೊಂದೂ ಮಂದಿ ನಿನ್ನ ಸುತ್ತ ಸರದು ಕೂತ್ರು. ನಮ್ಮ ಮನ್ಯಾವ್ರು ರುಮಾಲಿಲೆ ಮುಖ ಒರಸ್ಕೊಂಡ್ರು.”

“ಏನ ಮಾತಾಡಿದೆ?” ಎಂದು ತುಟಿಯಲ್ಲೇ ಕೇಳಿದೆ.

“ನಮಗೇನ ಕೇಳತೈತಿ? ಆದ್ರ ನಿನ್ನ ಕೈ ಹಿಂಗಿದ್ವು” ಎಂದು ಮಲ್ಲವ್ವ ತನ್ನ ಎರಡೂ ತೋಳನ್ನು ಎದೆಯ ಹತ್ತಿರ ಮಡಚಿ ತೂಗಿ ತೋರಿಸಿದಳು.

ಇದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಿದ್ದೆ. ನಮಗೊಂದು ಹೆಣ್ಣು ಕೂಸಿತ್ತು, ಗಂಗೂ. ಅವರು ಗಡಿಯ ಹಿಮದ ಗುಡ್ಡದ ಮೇಲೆ ಕಾವಲಿದ್ದಾಗ ಹುಟ್ಟಿತು, ಹದಿನಾಲ್ಕು ತಿಂಗಳಿಗೆ ಜ್ವರ ಬಂದು ತೀರಿಹೋಯಿತು. ಬಂದೂಕು ಹಿಡಿದು ನಿಂತವನಿಗೆ ಇಂಥದ್ದನ್ನು ಬರೆಯಬಾರದು ಎಂದರು ನಮ್ಮ ಅತ್ತೆ. ಬರೆಯಲಿಲ್ಲ. ಏಳು ತಿಂಗಳ ಮೇಲೆ ಅವರು ರಜೆಗೆ ಬಂದರು, ಕೈಯಲ್ಲಿ ಕೆಂಪು ಫ್ರಾಕು. ಬಾಗಿಲಲ್ಲೇ “ಕೂಸು ಹೋತು” ಎಂದೆ. ಅವರು ಫ್ರಾಕನ್ನು ಪೆಟ್ಟಿಗೆಯ ಮೇಲಿಟ್ಟು ಕಾಲು ತೊಳೆಯಲು ಹೋದರು. ಹೇಗೆ ಹೋಯಿತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷ ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅವರು ಕಲ್ಲು ಕಲ್ಲು ಎಂದು ಇಷ್ಟು ವರ್ಷ ಹೇಳಿದವಳು ನಾನು.

ಆ ಸಂಜೆ ನಾವು ಮೂವರೂ ಕೂಡಿ ಮನೆಗೆ ನಡೆದೆವು. ಯಾವಾಗಲೂ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ ಅವರು ನನ್ನ ಪಕ್ಕದಲ್ಲಿ ನಡೆದರು. ಮೇಜರಬಾಯಿ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆಸಿ ತಮ್ಮ ಮನೆಗೆ ಹೋದರು. ಅವರ ಬೆನ್ನು ನೋಡುತ್ತ ನಿಂತೆ. ಹುಡುಕಿದರೂ ಒಳಗೆ ಹೊಟ್ಟೆಕಿಚ್ಚು ಸಿಗಲಿಲ್ಲ.

ಅದು ಮರುದಿನ ಬೆಳಿಗ್ಗೆ ಸಿಕ್ಕಿತು, ಬೇರೆ ಕಡೆ ತಿರುಗಿ ಕೂತಿತ್ತು. ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಲ್ಲಿ ಕೂತಿದ್ದ ಆ ಇನ್ನೊಬ್ಬ ಬಾಳವ್ವ ಕಣ್ಣಿಗೆ ಕಟ್ಟಿದಳು. ಎಲ್ಲವನ್ನೂ ಹೇಳಿದವಳು ಅವಳು. ಕೂಸಿನ ಹೆಸರು ಕೇಳಿದಾಗ ಇವರ ಮುಖ ಹೇಗಾಯಿತು ಎಂದು ನೋಡಿದವಳು ಅವಳು. ಹನ್ನೊಂದು ಜನ ಅವಳ ಸುತ್ತ ಸರಿದು ಕೂತರು. ನನಗೆ ಉಳಿದದ್ದು ಒಡೆದ ಗಂಟಲು. ಯಾವ ಹೆಂಗಸಿನ ಮೇಲೂ ನಾನು ಅಷ್ಟು ಹೊಟ್ಟೆಕಿಚ್ಚು ಪಟ್ಟಿಲ್ಲ.

ಅವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. “ನಿನ್ನೆ ನೀನ ಮಾತಾಡಿದಿಯಂತ” ಎಂದರು. “ಮಂದಿ ಹೇಳಿದ್ರು.”

“ಹೂಂ.”

“ಏನಂತ?”

ನೆನಪಿಲ್ಲ ಎಂದು ಬಿಡಬಹುದಿತ್ತು. ಅದು ನಿಜವೇ ಆಗಿತ್ತು. “ನೆನಪಿಲ್ರಿ” ಎಂದೆ, ಇದ್ದಷ್ಟು ದನಿಯಲ್ಲಿ. “ಆದ್ರ ಇನ್ನೊಮ್ಮಿ ಹೇಳ್ತೀನಿ. ಇಲ್ಲೇ ಹೇಳ್ತೀನಿ. ಇದು ಮರಿಯೂದಿಲ್ಲ ಮತ್ತ, ಇಬ್ಬರಿಗೂ ಉಳೀತೈತಿ. ಕೇಳ್ತೀರೇನು?”

ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಆಮೇಲೆ ಒಳಗೆ ಬಂದು, ಒಲೆಯ ಮೇಲಿನ ಹಂಚನ್ನು ಇಳಿಸಿ, ಮಣೆ ಎಳೆದುಕೊಂಡು ನನ್ನ ಎದುರಿಗೆ ಕೂತರು.